‘ನಾವು’ ಅಂದರೆ ಯಾರ್ಯಾರು? ಲೆಂಟ್ ಕಾಲದ ಭಾನುವಾರದ ಆರಾಧನೆಯಲ್ಲಿ ಒಂದು ಸರ್ವನಾಮದ ಓದು

 

ಭಕ್ತಿಪಠ್ಯವನ್ನು ಸಾಹಿತ್ಯ ವಿಮರ್ಶೆಯ ಕಣ್ಣಿನಿಂದ ಓದೋದು ಹೇಗೆ ಅನ್ನೋದು ಇವತ್ತಿನ ಗೋಷ್ಠಿಯ ವಿಷಯ. ನಾನು ತಗೊಂಡಿರೋ ಪಠ್ಯ ಕನ್ನಡದ್ದಲ್ಲ. ಅಮೆರಿಕದ ಎಪಿಸ್ಕೋಪಲ್ ಚರ್ಚು 1979ರಿಂದ ಬಳಸುತ್ತಿರುವ ‘ಬುಕ್ ಆಫ್ ಕಾಮನ್ ಪ್ರೇಯರ್’, ಅಂದರೆ ಸಾಮೂಹಿಕ ಪ್ರಾರ್ಥನೆಯ ಪುಸ್ತಕ. ಅದರೊಳಗೂ ಲೆಂಟ್ ಕಾಲದ ಭಾನುವಾರಗಳಲ್ಲಿ ಒಂದು ಸಣ್ಣ ಪ್ಯಾರಿಷ್ ಅದನ್ನು ಬಳಸುವ ಬಗೆ. ನನ್ನ ವಾದವನ್ನು ಮೊದಲೇ ಹೇಳಿಬಿಡ್ತೇನೆ. ಈ ಆರಾಧನೆಯ ಅರ್ಥ ನಿಂತಿರೋದು ‘ನಾವು’ ಎಂಬ ಒಂದು ಸರ್ವನಾಮದ ಮೇಲೆ. ಆ ‘ನಾವು’ ಒಳಗೆ ಯಾರಿದ್ದಾರೆ, ಯಾರಿಲ್ಲ ಅನ್ನೋದನ್ನ ಇಂಗ್ಲಿಷ್ ಮುಚ್ಚಿಡುತ್ತದೆ. ಕನ್ನಡವೂ ಮುಚ್ಚಿಡುತ್ತದೆ. ನಮ್ಮ ನೆರೆಯ ಭಾಷೆಗಳು ಮುಚ್ಚಿಡುವುದಿಲ್ಲ. ಗಡಿಯಾಚೆ ಬೆಳೆದ ಕನ್ನಡದ ವಿದ್ಯಾರ್ಥಿಗಳಿಗೆ ಈ ಪಠ್ಯವನ್ನು ಓದೋದಕ್ಕೆ ಒಂದು ಅನುಕೂಲ ಇದೆ ಅಂತ ನಾನು ಹೇಳೋದು ಇದಕ್ಕೇ.

1. ಪಠ್ಯ ಮತ್ತು ಕಾಲ

ಎಪಿಸ್ಕೋಪಲ್ ಚರ್ಚು ಆಂಗ್ಲಿಕನ್ ಕುಟುಂಬಕ್ಕೆ ಸೇರಿದ್ದು. ಅಮೆರಿಕ ಸ್ವತಂತ್ರವಾದ ಮೇಲೆ ಅಲ್ಲಿನ ಆಂಗ್ಲಿಕನ್ನರು ಇಂಗ್ಲೆಂಡಿನ ಚರ್ಚಿನಿಂದ ಬೇರೆಯಾಗಿ 1789ರಲ್ಲಿ ತಮ್ಮದೇ ಪ್ರಾರ್ಥನಾ ಪುಸ್ತಕ ಮಾಡಿಕೊಂಡರು. ಅದು 1892, 1928, 1979ರಲ್ಲಿ ಪರಿಷ್ಕಾರ ಆಯಿತು. ಎಲ್ಲಕ್ಕೂ ಮೂಲ 1549ರಲ್ಲಿ ಥಾಮಸ್ ಕ್ರಾನ್ಮರ್ ಇಂಗ್ಲೆಂಡಿನಲ್ಲಿ ತಂದ ಪುಸ್ತಕ. 1979ರ ಪುಸ್ತಕಕ್ಕೆ ಹಕ್ಕುಸ್ವಾಮ್ಯ ಇಲ್ಲ. ಯಾರು ಬೇಕಾದರೂ ಓದಬಹುದು, ಅಚ್ಚು ಹಾಕಬಹುದು. ದುಬಾರಿ ಪುಸ್ತಕ ತರಿಸೋಕಾಗದ ನಮ್ಮಂಥ ವಿದ್ಯಾರ್ಥಿಗಳಿಗೆ ಇದು ಸಣ್ಣ ಸಂಗತಿ ಅಲ್ಲ.

ಲೆಂಟ್ ಅಂದರೆ ಈಸ್ಟರಿಗೆ ಮುಂಚಿನ ಪಶ್ಚಾತ್ತಾಪದ ಕಾಲ. ಹೆಸರಿನಲ್ಲೇ ಒಂದು ಪಾಠ ಇದೆ. ಇಂಗ್ಲಿಷಿನ ‘ಲೆಂಟ್’ ಹಳೆಯ ಇಂಗ್ಲಿಷಿನಲ್ಲಿ ವಸಂತಕಾಲದ ಹೆಸರು, ಹಗಲು ಉದ್ದವಾಗುವ ಹೊತ್ತು. ಅದರಲ್ಲಿ ಪಾಪವೂ ಇಲ್ಲ, ಉಪವಾಸವೂ ಇಲ್ಲ. ನಮ್ಮ ಕಡೆಯ ಭಾಷೆಗಳು ಹಾಗೆ ಬಿಡಲಿಲ್ಲ. ಕನ್ನಡದ ಕಥೋಲಿಕರು ‘ತಪಸ್ಸುಕಾಲ’ ಅಂತಾರೆ, ತಮಿಳಿನಲ್ಲೂ ‘ತವಕ್ಕಾಲಂ’. ತೆಲುಗಿನಲ್ಲಿ ಅದು ‘ಶ್ರಮಲ ಕಾಲಂ’, ಶ್ರಮೆಯ ದಿನಗಳು. ಮಲಯಾಳದಲ್ಲಿ ‘ನೋಂಬು’, ಅಂದರೆ ವ್ರತ, ಉಪವಾಸ. ಒಬ್ಬರಿಗೆ ತಪಸ್ಸು, ಒಬ್ಬರಿಗೆ ನೋವು, ಒಬ್ಬರಿಗೆ ಊಟ ಬಿಡೋದು. ಅನುವಾದಕರು ಹೆಸರು ಕೊಡುವಾಗಲೇ ವ್ಯಾಖ್ಯಾನವನ್ನೂ ಮಾಡಿಬಿಟ್ಟಿದ್ದಾರೆ.

ಲೆಂಟ್ 40 ದಿನ ಅಂತಾರೆ. ಆದರೆ ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ ಲೆಕ್ಕ ಹಾಕಿದರೆ 46 ದಿನ ಬರುತ್ತದೆ. ಮಧ್ಯದ 6 ಭಾನುವಾರಗಳನ್ನು ಬಿಟ್ಟರೆ 40. ಯಾಕೆ ಬಿಡಬೇಕು? ಭಾನುವಾರ ಯಾವತ್ತಿದ್ದರೂ ಪುನರುತ್ಥಾನದ ಹಬ್ಬ, ಅದನ್ನು ಉಪವಾಸದ ದಿನ ಮಾಡುವ ಹಾಗಿಲ್ಲ. ಹಾಗಾಗಿ ಲೆಂಟಿನ ಭಾನುವಾರ ಒಂದು ವಿಚಿತ್ರ ದಿನ. ಅದು ಲೆಂಟಿನ ಒಳಗಿದೆ, ಲೆಂಟಿನ ಲೆಕ್ಕದಲ್ಲಿಲ್ಲ. ಹಬ್ಬದ ದಿನವೇ, ಆದರೆ ‘ಅಲ್ಲೆಲೂಯಾ’ ಎಂಬ ಉದ್ಗಾರವನ್ನು ಈಸ್ಟರ್ ತನಕ ಹೇಳುವುದಿಲ್ಲ. ‘ಗ್ಲೋರಿಯಾ’ ಎಂಬ ಸ್ತುತಿಗೀತೆಯನ್ನು ಹಾಡುವುದಿಲ್ಲ. ಬಟ್ಟೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ತುಂಬಾ ಕಡೆ ವೇದಿಯ ಮೇಲಿನ ಹೂವನ್ನೂ ತೆಗೆದುಬಿಡ್ತಾರೆ.

ಇಷ್ಟೆಲ್ಲ ತೆಗೆದ ಮೇಲೆ ಕಿವಿಗೆ ದೊಡ್ಡದಾಗಿ ಕೇಳಿಸೋದು ಪಾಪನಿವೇದನೆ. ಬೇರೆ ಕಾಲದಲ್ಲಿ ಅದನ್ನು ಒಮ್ಮೊಮ್ಮೆ ಬಿಡಬಹುದು ಅಂತ ಪುಸ್ತಕವೇ ಸಲುಗೆ ಕೊಡುತ್ತದೆ. ಲೆಂಟಿನಲ್ಲಿ ಅದು ಹಲವು ಸಭೆಗಳಲ್ಲಿ ಆರಾಧನೆಯ ನಡುವಿನಿಂದ ಎದ್ದು ಬಂದು ಬಾಗಿಲಲ್ಲೇ ನಿಲ್ಲುತ್ತದೆ.

2. ಒಂದು ನಿಮಿಷ, ಮೂರು ಸರ್ವನಾಮ

ಈಗ ಪಾಪನಿವೇದನೆಯ ರಚನೆ ನೋಡೋಣ. ಅದರಲ್ಲಿ ಮೂರು ಹೆಜ್ಜೆ ಇದೆ. ಮೊದಲು ಮುಂದಾಳು ಸಭೆಯನ್ನು ಕರೆಯುತ್ತಾನೆ: ಪಾಪಗಳನ್ನು ಒಪ್ಪಿಕೊಳ್ಳೋಣ ಬನ್ನಿ ಅಂತ. ಆಮೇಲೆ ಎಲ್ಲರೂ ಒಟ್ಟಿಗೆ, ಅಚ್ಚಾದ ಒಂದೇ ಮಾತಿನಲ್ಲಿ, ದೇವರಿಗೆ ಹೇಳ್ತಾರೆ: ಮಾಡಿದ್ದಕ್ಕೂ, ಮಾಡದೆ ಬಿಟ್ಟದ್ದಕ್ಕೂ ಪಶ್ಚಾತ್ತಾಪ ಪಡುತ್ತೇವೆ ಅಂತ. ಕೊನೆಗೆ ಗುರು ಎದ್ದು ನಿಂತು ಕ್ಷಮೆಯನ್ನು ಘೋಷಿಸುತ್ತಾನೆ.

ಮೊದಲ ಎರಡು ಹೆಜ್ಜೆಗೂ ಇಂಗ್ಲಿಷಿನಲ್ಲಿ ಬರೋದು ಒಂದೇ ಸರ್ವನಾಮದ ರೂಪಗಳು. ಕನ್ನಡಕ್ಕೆ ತಂದರೂ ‘ನಾವು, ನಮ್ಮ, ನಮ್ಮನ್ನು’ ಅಷ್ಟೇ. ಈಗ ಇದನ್ನೇ ಮಡಕಶಿರಾ ಕಡೆಯ ತೆಲುಗಿನಲ್ಲಿ ಹೇಳಿ ನೋಡಿ, ನಾನು ಬೆಳೆದದ್ದು ಆ ಕಡೆ. ತೆಲುಗಿನಲ್ಲಿ ‘ಮನಮು’ ಅಂದರೆ ಕೇಳುವವರೂ ಸೇರಿದ ನಾವು. ‘ಮೇಮು’ ಅಂದರೆ ಕೇಳುವವರನ್ನು ಬಿಟ್ಟು ನಾವು. ಹೊಸೂರು, ತಾಳವಾಡಿಯ ಗೆಳೆಯರಿಗೆ ತಮಿಳಿನ ‘ನಾಂ’ ಮತ್ತು ‘ನಾಂಗಳ್’ ಗೊತ್ತು. ಕಾಸರಗೋಡಿನವರಿಗೆ ಮಲಯಾಳದ ‘ನಮ್ಮಳ್’, ‘ಞಂಙಳ್’ ಗೊತ್ತು, ತುಳುವಿನ ‘ನಮ’, ‘ಎಂಕುಲು’ ಕೂಡ ಗೊತ್ತು. ಸೊಲ್ಲಾಪುರ, ಜತ್ತಿನವರಿಗೆ ಮರಾಠಿಯ ‘ಆಪಣ’ ಮತ್ತು ‘ಆಮ್ಹಿ’. ಇಂದಿನ ಕನ್ನಡಕ್ಕೆ ಮಾತ್ರ ಎರಡಕ್ಕೂ ಒಂದೇ ‘ನಾವು’.

ಈ ಭಾಷೆಗಳಲ್ಲಿ ಪಾಪನಿವೇದನೆ ಮಾಡುವಾಗ ವ್ಯಾಕರಣ ಆಯ್ಕೆ ಕೇಳುತ್ತದೆ. ಕರೆಯುವಾಗ ‘ಮನಮು’ ಬೇಕು, ಯಾಕಂದರೆ ಮಾತು ಪಕ್ಕದವರ ಜೊತೆ ನಡೀತಿದೆ. ದೇವರ ಕಡೆ ತಿರುಗಿದ ಕೂಡಲೆ ‘ಮೇಮು’ ಬೇಕು, ಯಾಕಂದರೆ ಕೇಳುತ್ತಿರುವ ದೇವರು ಪಾಪ ಮಾಡಿದವರ ಗುಂಪಿನಲ್ಲಿಲ್ಲ. ಏಸು ಕಲಿಸಿದ ಪ್ರಾರ್ಥನೆಯ ಮೊದಲ ಮಾತನ್ನೇ ನೋಡಿ. ತೆಲುಗು, ತಮಿಳು, ಮಲಯಾಳ, ಮರಾಠಿ ನಾಲ್ಕರಲ್ಲೂ ‘ನಮ್ಮ’ ತಂದೆ ಅನ್ನುವಲ್ಲಿ ಇರೋದು ಕೇಳುವವನನ್ನು ಹೊರಗಿಟ್ಟ ರೂಪ. ತಂದೆಯನ್ನು ತಂದೆ ಅಂತ ಕರೆಯೋ ಮಕ್ಕಳ ಗುಂಪಿನಲ್ಲಿ ತಂದೆ ಇರಲಾರ ತಾನೆ.

ಹಾಗಾಗಿ ಇಂಗ್ಲಿಷಿನಲ್ಲಿ ಒಂದೇ ಉಸಿರಿನ ಹಾಗೆ ಕೇಳುವ ಭಾಗದಲ್ಲಿ ನಿಜಕ್ಕೂ ಒಂದು ತಿರುವು ಇದೆ. ಮೊದಲು ಜನ ಒಬ್ಬರಿಗೊಬ್ಬರು ಮುಖ ಮಾಡಿದ್ದಾರೆ, ಆಮೇಲೆ ಎಲ್ಲರೂ ಸೇರಿ ಇನ್ನೊಂದು ಕಡೆ ಮುಖ ಮಾಡ್ತಾರೆ. ಆ ತಿರುವಿನ ಜಾಗದಲ್ಲಿ ಪುಸ್ತಕ ಒಂದು ಸೂಚನೆ ಇಟ್ಟಿದೆ: ಮೌನ ಇರಬಹುದು ಅಂತ. ಆ ಮೌನಕ್ಕೆ ಇಂಗ್ಲಿಷಿನಲ್ಲಿ ವ್ಯಾಕರಣದ ಕೆಲಸ ಬಿದ್ದಿದೆ. ‘ಮನಮು’ವಿನಿಂದ ‘ಮೇಮು’ವಿಗೆ ದಾಟೋ ಹೊಸಿಲು ಅದು.

ಮೂರನೆಯ ಹೆಜ್ಜೆ ಇನ್ನೂ ಕುತೂಹಲದ್ದು. ಒಂದು ಕ್ಷಣದ ಹಿಂದೆ ಗುರುವೂ ಎಲ್ಲರ ಜೊತೆ ‘ನಾವು’ ಅಂದಿದ್ದ. ಈಗ ಎದ್ದು ನಿಂತು ‘ನಿಮ್ಮನ್ನು’ ಅಂತಾನೆ: ದೇವರು ನಿಮ್ಮನ್ನು ಕ್ಷಮಿಸಲಿ. ಅದೇ ಮನುಷ್ಯ, ಅದೇ ಬಾಯಿ, ಸರ್ವನಾಮ ಮಾತ್ರ ಬದಲಾಯಿತು. ಅಧಿಕಾರ ಅನ್ನೋದು ಇಲ್ಲಿ ಬಟ್ಟೆಯಲ್ಲಿಲ್ಲ, ಪೀಠದಲ್ಲಿಲ್ಲ, ‘ನಿಮ್ಮ’ ಎಂಬ ಮಾತಿನಲ್ಲಿದೆ.

3. ಗುರು ಇಲ್ಲದ ಭಾನುವಾರ

ಪ್ಯಾರಿಷ್ ಸಣ್ಣದು ಅನ್ನೋದು ಮುಖ್ಯವಾಗೋದು ಇಲ್ಲೇ. ಅಮೆರಿಕದ ಸಣ್ಣ ಊರುಗಳ ಎಷ್ಟೋ ಎಪಿಸ್ಕೋಪಲ್ ಸಭೆಗಳಿಗೆ ಪೂರ್ಣಕಾಲದ ಗುರು ಇಲ್ಲ. ಕೆಲವು ಭಾನುವಾರ ಹೊರಗಿನಿಂದ ಒಬ್ಬರು ಬಂದು ಪ್ರಭುಭೋಜನ ನಡೆಸ್ತಾರೆ, ಉಳಿದ ಭಾನುವಾರ ಸಭೆಯವರೇ ಒಬ್ಬರು ಬೆಳಗಿನ ಪ್ರಾರ್ಥನೆ ನಡೆಸ್ತಾರೆ. ಪಾಪನಿವೇದನೆಯ ಮಾತು ಎರಡರಲ್ಲೂ ಒಂದೇ. ಆದರೆ ಬೆಳಗಿನ ಪ್ರಾರ್ಥನೆಯಲ್ಲಿ ಕ್ಷಮೆಯ ಮಾತಿನ ಕೆಳಗೆ ಓರೆ ಅಕ್ಷರದಲ್ಲಿ ಒಂದು ಸೂಚನೆ ಇದೆ. ಡೀಕನ್ ಅಥವಾ ದೀಕ್ಷೆಯಿಲ್ಲದ ವ್ಯಕ್ತಿ ಇದನ್ನು ಓದುವುದಾದರೆ ‘ನಿಮ್ಮ’ ಇದ್ದಲ್ಲಿ ‘ನಮ್ಮ’ ಅಂತ ಓದಬೇಕು. ಇಡೀ ಪುಸ್ತಕದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಈ ಸೂಚನೆ.

ಒಂದು ಲೆಂಟ್ ಪೂರ್ತಿ ಇಂಥ ಒಂದು ಸಭೆಯ ನೇರಪ್ರಸಾರ ನೋಡಿದೆ. ಊರಿನ ಹೆಸರು ಬೇಡ. ಅಲ್ಲಿ ಬೆಳಿಗ್ಗೆ 10 ಗಂಟೆ ಅಂದರೆ ನಮಗೆ ಮೊದಲ ವಾರಗಳಲ್ಲಿ ರಾತ್ರಿ 8.30, ಮಾರ್ಚಿಯಲ್ಲಿ ಅವರು ಗಡಿಯಾರ ಮುಂದೆ ಮಾಡಿದ ಮೇಲೆ 7.30. ಕ್ಯಾಮೆರಾ ಹಿಂದೆ ಇದ್ದದ್ದರಿಂದ ಕಾಣೋದು ಬೆನ್ನುಗಳು. 20 ಜನ ಇದ್ದರೆ ಹೆಚ್ಚು. ದೊಡ್ಡ ಕ್ಯಾಥೆಡ್ರಲಿನಲ್ಲಿ ‘ನಾವು’ ಅಂದಾಗ ಅದೊಂದು ಗುಂಪಿನ ಮೊರೆತ. ಇಲ್ಲಿ ಹಾಗಲ್ಲ, ದನಿಗಳನ್ನು ಬಿಡಿಬಿಡಿಯಾಗಿ ಎಣಿಸಬಹುದು. ಒಬ್ಬ ಮುದುಕರ ದನಿ ಯಾವಾಗಲೂ ಅರ್ಧ ಪದ ಹಿಂದೆ. ಒಂದು ಭಾನುವಾರ ಆ ದನಿ ಇರಲಿಲ್ಲ, ‘ನಾವು’ ಆ ವಾರ ಬೇರೆ ಥರ ಕೇಳಿಸಿತು. ಗುರು ಬಾರದ ಭಾನುವಾರ ಓದಿದವರು ಒಬ್ಬ ಮಹಿಳೆ. ಕ್ಷಮೆಯ ಮಾತಿಗೆ ಬಂದಾಗ ಪುಸ್ತಕದಲ್ಲಿ ‘ನಿಮ್ಮ’ ಅಂತ ಅಚ್ಚಾಗಿದ್ದನ್ನು ಕಣ್ಣಲ್ಲಿ ನೋಡ್ತಾ ಬಾಯಲ್ಲಿ ‘ನಮ್ಮ’ ಅಂದರು.

ಇದನ್ನು ಕೊರತೆ ಅಂತ ಓದಬಹುದು: ಗುರು ಇಲ್ಲ, ಹಾಗಾಗಿ ಘೋಷಣೆ ಇಳಿದು ಬರೀ ಬೇಡಿಕೆ ಆಯಿತು ಅಂತ. ಚರ್ಚಿನ ಸಿದ್ಧಾಂತದ ಪ್ರಕಾರ ಅದು ಸರಿಯೇ. ಪಠ್ಯವಾಗಿ ಓದಿದರೆ ಇನ್ನೊಂದು ಸಂಗತಿ ಕಾಣ್ತದೆ. ಆ ‘ನಮ್ಮ’ ಯಾವ ನಮ್ಮ? ಅಲ್ಲಿ ದೇವರನ್ನು ನೇರ ಕರೆದಿಲ್ಲ, ದೇವರು ಪ್ರಥಮ ಪುರುಷದಲ್ಲಿದ್ದಾನೆ. ಮಾತು ನಡೀತಿರೋದು ಸಭೆಯ ಜೊತೆ. ಹಾಗಾದರೆ ತೆಲುಗಿನಲ್ಲಿ ಅದು ‘ಮೇಮು’ ಆಗೋದಿಲ್ಲ, ‘ಮನಮು’ವೇ ಆಗಬೇಕು. ಗುರು ಇದ್ದ ದಿನ ಸಾಲು ಹೀಗೆ: ಮನಮು, ಮೇಮು, ಮೀರು. ಗುರು ಇಲ್ಲದ ದಿನ: ಮನಮು, ಮೇಮು, ಮತ್ತೆ ಮನಮು. ಹೊರಟ ಕಡೆಗೇ ವಾಪಸ್ ಬರುತ್ತದೆ. ಬಡ ಸಭೆಯ ಆರಾಧನೆಗೆ ದೊಡ್ಡ ಸಭೆಯಲ್ಲಿಲ್ಲದ ಒಂದು ಆಕಾರ ಸಿಕ್ಕಿದೆ. ಆ ಆಕಾರ ಇಂಗ್ಲಿಷಿನಲ್ಲಿ ಕಾಣೋದೇ ಇಲ್ಲ.

4. ನಾನು ಮತ್ತು ನಾವು

ಕನ್ನಡ ವಿಭಾಗದಲ್ಲಿ ಕೂತು ಇದನ್ನು ಓದುವಾಗ ಒಂದು ಆಕ್ಷೇಪ ತಾನಾಗೇ ಬರುತ್ತದೆ. ನಮ್ಮ ಪಾಪನಿವೇದನೆಯ ಸಾಹಿತ್ಯ ಏಕವಚನದ್ದು. ಬಸವಣ್ಣನ ವಚನಗಳಲ್ಲಿ ತನ್ನನ್ನು ತಾನೇ ಕಟಕಟೆಗೆ ನಿಲ್ಲಿಸಿಕೊಳ್ಳೋದು ‘ಎನ್ನ’ ಎಂಬ ಒಬ್ಬನೇ ವ್ಯಕ್ತಿ. ದಾಸರ ಕೀರ್ತನೆಗಳಲ್ಲೂ ಹೆಚ್ಚಾಗಿ ಹಾಗೇ. ನವ್ಯರು ಬಂದಮೇಲಂತೂ ಪ್ರಾಮಾಣಿಕತೆ ಅಂದರೆ ‘ನಾನು’ ಅಂತ ನಮಗೆ ಅಭ್ಯಾಸ ಆಗಿದೆ. ಅಚ್ಚಾದ ಒಂದೇ ಮಾತನ್ನು ಪ್ರತಿ ವಾರ ಎಲ್ಲರೂ ಒಟ್ಟಿಗೆ ಓದಿದರೆ ಅದು ಪಶ್ಚಾತ್ತಾಪ ಹೇಗಾಗುತ್ತದೆ, ಗಿಳಿಪಾಠ ಅಲ್ಲವಾ?

ನನ್ನ ಉತ್ತರ ಎರಡು. ಒಂದು, ನಮ್ಮ ಭಜನೆಯಲ್ಲೂ ಒಬ್ಬ ದಾಸರ ‘ನಾನು’ ಅನ್ನೋದನ್ನ 30 ಬಾಯಿಗಳು ಒಟ್ಟಿಗೆ ಹಾಡ್ತವೆ. ಅಲ್ಲಿ ಪ್ರತಿಯೊಬ್ಬರೂ ಎರವಲು ತಂದ ‘ನಾನು’ ಒಳಗೆ ಹೊಕ್ಕು ಬರ್ತಾರೆ, ನಾವು ಅದನ್ನು ಸುಳ್ಳು ಅನ್ನೋದಿಲ್ಲ. ಇಲ್ಲಿ ಎರವಲು ತರೋದು ‘ನಾವು’, ಅಷ್ಟೇ ವ್ಯತ್ಯಾಸ. ಎರಡು, ‘ನಾನು’ ಅಂದವನು ತನ್ನ ಮನಸ್ಸಿಗೆ ಬಂದ ತಪ್ಪನ್ನಷ್ಟೇ ಹೇಳಬಲ್ಲ. ‘ಮಾಡದೆ ಬಿಟ್ಟದ್ದು’ ಅನ್ನೋದು ಸಾಮಾನ್ಯವಾಗಿ ಮನಸ್ಸಿಗೆ ಬರುವುದೇ ಇಲ್ಲ. ಅದನ್ನು ಹೊರಗಿನ ಪಠ್ಯ ನೆನಪಿಸಬೇಕು. ಅಚ್ಚಾದ ಮಾತಿನ ಉಪಯೋಗ ಇದು.

ಆದರೆ ಈ ‘ನಾವು’ ಅನುಮಾನಕ್ಕೆ ಮೀರಿದ್ದೂ ಅಲ್ಲ. ಭಾನುವಾರದ ಪಾಪನಿವೇದನೆಯಲ್ಲಿ ಯಾವ ತಪ್ಪಿಗೂ ಹೆಸರಿಲ್ಲ. ಬೂದಿ ಬುಧವಾರದ ದೀರ್ಘ ಪ್ರಾರ್ಥನೆಯಲ್ಲಿ ಹೆಸರುಗಳಿವೆ: ಬೇರೆಯವರ ಶೋಷಣೆ, ನಮ್ಮಂತಿಲ್ಲದವರ ಬಗೆಗಿನ ತಿರಸ್ಕಾರ, ಸೃಷ್ಟಿಯನ್ನು ಹಾಳು ಮಾಡಿದ್ದು, ಮುಂದೆ ಬರುವವರ ಬಗ್ಗೆ ಯೋಚಿಸದೇ ಇದ್ದದ್ದು. ಆದರೆ ಬುಧವಾರ ಬರೋರು ಕಡಿಮೆ. ಭಾನುವಾರದ ‘ನಾವು’ ಒಳಗೆ ಯಾರು ಬೇಕಾದರೂ ಬಚ್ಚಿಟ್ಟುಕೊಳ್ಳಬಹುದು.

5. ‘ನಾವು’ ಅಂದರೂ ಒಳಗಿಲ್ಲದವರು

ಇದಕ್ಕೆ ಆ ಚರ್ಚಿನ ಚರಿತ್ರೆಯಲ್ಲೇ ಸಾಕ್ಷಿ ಇದೆ. 18ನೇ ಶತಮಾನದ ಕೊನೆಯ ಭಾಗದಲ್ಲಿ ಫಿಲಡೆಲ್ಫಿಯಾದ ಒಂದು ಮೆಥಡಿಸ್ಟ್ ಚರ್ಚಿನಲ್ಲಿ ಅಬ್ಸಲೋಮ್ ಜೋನ್ಸ್ ಎಂಬ ಕಪ್ಪು ಸಮುದಾಯದ ಮುಖಂಡರು ಮಂಡಿಯೂರಿ ಪ್ರಾರ್ಥನೆ ಮಾಡ್ತಿದ್ದಾಗಲೇ ಅವರನ್ನು ಎಬ್ಬಿಸಲು ಎಳೆದರು. ಅವರು, ಗೆಳೆಯ ರಿಚರ್ಡ್ ಆ್ಯಲನ್, ಇನ್ನೂ ಕೆಲವರು ಹೊರಗೆ ನಡೆದರು. ಜೋನ್ಸ್ ಮುಂದಾಳುತನದಲ್ಲಿ ಸಂತ ಥಾಮಸ್ ಆಫ್ರಿಕನ್ ಎಪಿಸ್ಕೋಪಲ್ ಚರ್ಚು 1794ರಲ್ಲಿ ಶುರುವಾಯಿತು. ಎಪಿಸ್ಕೋಪಲ್ ಚರ್ಚು ಅವರನ್ನು ಸೇರಿಸಿಕೊಂಡಿತು, ಆದರೆ ಡಯಾಸಿಸಿನ ಸಭೆಯಲ್ಲಿ ಆ ಪ್ಯಾರಿಷ್‌ಗೆ ಪ್ರತಿನಿಧಿಗಳನ್ನು ಕಳಿಸುವ ಹಕ್ಕು ದಶಕಗಳ ಕಾಲ ಸಿಗಲಿಲ್ಲ. ಅಂದರೆ ಒಂದೇ ಪುಸ್ತಕ, ಒಂದೇ ‘ನಾವು’. ದೇವರ ಎದುರಿನ ‘ಮೇಮು’ ಒಳಗೆ ಅವರಿಗೆ ಜಾಗ ಇತ್ತು, ಒಬ್ಬರಿಗೊಬ್ಬರು ಮುಖ ಮಾಡಿದ ‘ಮನಮು’ ಒಳಗೆ ಇರಲಿಲ್ಲ.

2006ರಲ್ಲಿ ಎಪಿಸ್ಕೋಪಲ್ ಚರ್ಚಿನ ಮಹಾಸಭೆ ಗುಲಾಮಗಿರಿಯಲ್ಲಿ ತನ್ನ ಪಾಲಿಗೆ ಕ್ಷಮೆ ಕೇಳುವ ನಿರ್ಣಯ ಮಾಡಿತು. 2008ರ ಅಕ್ಟೋಬರಿನಲ್ಲಿ ಅದೇ ಸಂತ ಥಾಮಸ್ ಚರ್ಚಿನಲ್ಲಿ ಪಶ್ಚಾತ್ತಾಪದ ಆರಾಧನೆ ನಡೆಯಿತು. ಅಂಥ ಆರಾಧನೆಯಲ್ಲಿ ‘ನಾವು ತಪ್ಪು ಮಾಡಿದೆವು’ ಅನ್ನುವಾಗ ಆ ‘ನಾವು’ ಯಾರು? ನೊಂದವರ ಮಕ್ಕಳೂ ಅದೇ ಬೆಂಚಿನಲ್ಲಿ ಕೂತು ಅದೇ ಮಾತು ಹೇಳಬೇಕಾ? ಸಾಮೂಹಿಕ ಪ್ರಾರ್ಥನೆಯ ಪುಸ್ತಕಕ್ಕೆ ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ. 1998ರಲ್ಲಿ ಬಂದ ‘ಎನ್ರಿಚಿಂಗ್ ಅವರ್ ವರ್ಷಿಪ್’ ಎಂಬ ಪೂರಕ ಪುಸ್ತಕ ಇದರ ಒಂದು ಭಾಗಕ್ಕೆ ಕೈ ಹಾಕಿದೆ. ಅಲ್ಲಿನ ಪಾಪನಿವೇದನೆಯಲ್ಲಿ ನಾವು ಮಾಡಿದ ಕೆಡುಕಿನ ಜೊತೆಗೆ ನಮ್ಮ ಪರವಾಗಿ ಬೇರೆಯವರು ಮಾಡಿದ ಕೆಡುಕೂ ಸೇರಿದೆ. ಇದು ‘ನಾವು’ವನ್ನು ಅಗಲ ಮಾಡುವ ಒಳ್ಳೆಯ ಹೆಜ್ಜೆ. ಆದರೂ ಆ ಕೆಡುಕಿನ ಫಲ ಉಂಡವನನ್ನೂ ಅದರ ಪೆಟ್ಟು ತಿಂದವನನ್ನೂ ವ್ಯಾಕರಣ ಒಂದೇ ಮಾತಿನಲ್ಲಿ ಕೂರಿಸ್ತದೆ. ನನ್ನ ದೃಷ್ಟಿಯಲ್ಲಿ ಪಠ್ಯ ಇಲ್ಲಿ ಸೋಲುತ್ತದೆ.

ಗಡಿಯಾಚೆಯ ನಮಗೆ ಈ ಅನುಭವ ಪೂರ್ತಿ ಹೊಸದಲ್ಲ. ‘ನಾವು ಕನ್ನಡಿಗರು’ ಅಂತ ವೇದಿಕೆಯಿಂದ ಕೇಳಿದಾಗ ಅದರೊಳಗೆ ನಾವಿದ್ದೇವಾ ಅಂತ ಒಂದು ಗಳಿಗೆ ತಡೆದು ನೋಡುವ ಅಭ್ಯಾಸ ನಮಗಿದೆ. ಎರಡು ಕಷ್ಟವನ್ನೂ ನಾನು ಸಮ ಮಾಡ್ತಿಲ್ಲ. ಗುಲಾಮಗಿರಿಯ ಎದುರು ನಮ್ಮದು ಏನೂ ಅಲ್ಲ. ಸರ್ವನಾಮದ ಎದುರು ತಡೆದು ನಿಲ್ಲೋ ಕಿವಿ ನಮಗೆ ಎಲ್ಲಿಂದ ಬಂತು ಅಂತ ಹೇಳಿದೆ, ಅಷ್ಟೆ.

6. ಗರಿಗಳ ಭಾನುವಾರ, ಕೈಕುಲುಕು

ಪಠ್ಯ ಗೆಲ್ಲುವ ಎರಡು ಜಾಗ ಹೇಳಿ ಮುಗಿಸ್ತೇನೆ. ಮೊದಲನೆಯದು ಲೆಂಟಿನ ಕೊನೆಯ ಭಾನುವಾರ. ಆ ದಿನ ಗರಿ ಹಿಡಿದು ಜಯಕಾರ ಹಾಕುತ್ತಾ ಮೆರವಣಿಗೆ. ಆಮೇಲೆ ಏಸುವಿನ ಶ್ರಮೆಯ ಕಥೆಯನ್ನು ಪಾತ್ರ ಹಂಚಿಕೊಂಡು ಓದಬಹುದು. ಜನಜಂಗುಳಿಯ ಪಾತ್ರವನ್ನು ಸಭೆಯೇ ವಹಿಸಬಹುದು ಅಂತ ಪುಸ್ತಕದ ಸೂಚನೆ. ಅಂದರೆ ಶಿಲುಬೆಗೆ ಹಾಕಿಸು ಅಂತ ಕೂಗಬೇಕಾದವರು ಈಗಷ್ಟೇ ಜಯಕಾರ ಹಾಕಿದವರೇ. ಯಕ್ಷಗಾನ ನೋಡಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸ್ತದೆ, ನಮ್ಮ ಪ್ರೇಕ್ಷಕರಿಗೆ ದುಷ್ಟರ ಪಾತ್ರ ಯಾರೂ ಕೊಡೋದಿಲ್ಲ. ಈ ಕಥೆಯನ್ನು ಓದಿ ಆ ಜಂಗುಳಿ ಅಂದರೆ ಯೆಹೂದ್ಯರು, ‘ಅವರು’, ಅಂತ ಯುರೋಪಿನ ಕ್ರೈಸ್ತರು ಶತಮಾನಗಳ ಕಾಲ ಯೆಹೂದ್ಯರ ಮೇಲೆ ಹಗೆ ಸಾಧಿಸಿದ್ದು ನಮಗೆ ಗೊತ್ತು. ಕೂಗನ್ನು ಸಭೆಯ ಬಾಯಿಗೆ ಕೊಟ್ಟರೆ ಆ ‘ಅವರು’ ಎಂಬ ಆಸರೆ ಇರೋದಿಲ್ಲ. 20 ಜನರ ಸಭೆಯಲ್ಲಿ ಯಾರ ದನಿ ಅಂತಲೂ ಗೊತ್ತಾಗುತ್ತದೆ.

ಎರಡನೆಯದು ಶಾಂತಿಯ ವಿನಿಮಯ, ಅಂದರೆ ಪಕ್ಕದವರಿಗೆ ಕೈ ಕೊಟ್ಟು ಶಾಂತಿ ಹೇಳುವುದು. ಇದರ ಹಿಂದೆ ನಮ್ಮ ಕಡೆಯ ನೆಲವೂ ಇದೆ. 1947ರಲ್ಲಿ ಆಂಗ್ಲಿಕನ್ನರೂ ಬೇರೆ ಪ್ರೊಟೆಸ್ಟೆಂಟರೂ ಸೇರಿ ಆದ ದಕ್ಷಿಣ ಭಾರತ ಸಭೆ 1950ರಲ್ಲಿ ತನ್ನ ಪ್ರಭುಭೋಜನದ ಕ್ರಮ ತಂದಾಗ, ಕೇರಳದ ಸಿರಿಯನ್ ಕ್ರೈಸ್ತರ ರೂಢಿಯಿಂದ ಕೈಯಿಂದ ಕೈಗೆ ಶಾಂತಿ ದಾಟಿಸುವುದನ್ನು ಸೇರಿಸಿಕೊಂಡಿತು. ಆ ಕ್ರಮ ಪಶ್ಚಿಮದ ಚರ್ಚುಗಳ ಪರಿಷ್ಕಾರಗಳ ಮೇಲೆ ಪ್ರಭಾವ ಬೀರಿತು. 1979ರ ಪುಸ್ತಕದ ಸಾಮಾನ್ಯ ಕ್ರಮದಲ್ಲಿ ಪಾಪನಿವೇದನೆ, ಕ್ಷಮೆ, ಅದರ ಬೆನ್ನಿಗೇ ಶಾಂತಿ. ದೇವರಿಗೆ ಹೇಳಿದ ‘ಮೇಮು’ ಕೈಗಳ ಮೂಲಕ ‘ಮನಮು’ ಆಗ್ತದೆ. ಲೆಂಟಿನಲ್ಲಿ ಪಾಪನಿವೇದನೆಯನ್ನು ಆರಂಭಕ್ಕೆ ತಂದರೆ ಗಾಂಭೀರ್ಯ ಹೆಚ್ಚುತ್ತದೆ ನಿಜ, ಆದರೆ ಅದಕ್ಕೂ ಕೈಕುಲುಕಿಗೂ ನಡುವೆ ಓದು, ಉಪದೇಶ, ಪ್ರಾರ್ಥನೆ ಎಲ್ಲ ಬಂದು ಕೂರುತ್ತವೆ. ವಿಮರ್ಶಕಿಯಾಗಿ ನಾನು ಕೇಳೋದಾದರೆ, ಲೆಂಟಿನಲ್ಲೂ ಅದನ್ನು ಶಾಂತಿಯ ಪಕ್ಕದಲ್ಲೇ ಇಡಬೇಕು. ತಪ್ಪು ಒಪ್ಪಿಕೊಂಡವರು ಪಕ್ಕದವರ ಮುಖ ನೋಡೋದಕ್ಕೆ ಅರ್ಧ ಗಂಟೆ ಕಾಯಬಾರದು.

ಚರ್ಚೆಯಿಂದ

ಪ್ರಬಂಧದ ನಂತರ ಅಧ್ಯಾಪಕರೊಬ್ಬರು ಕೇಳಿದರು: ಇದು ಭಾಷಾವಿಜ್ಞಾನದ ಟಿಪ್ಪಣಿ ಆಯಿತು, ವಿಮರ್ಶೆ ಎಲ್ಲಿ? ನಾನು ಹೇಳಿದ್ದು: ವ್ಯಾಕರಣ ಇಲ್ಲಿ ಉಪಕರಣ ಮಾತ್ರ. ಒಂದು ಪಠ್ಯ ಯಾರನ್ನು ಸೇರಿಸಿಕೊಂಡು ಮಾತಾಡ್ತದೆ, ಸೇರಿಸಿಕೊಂಡೆ ಅಂತ ಹೇಳಿ ಯಾರನ್ನು ಬಿಡ್ತದೆ ಅನ್ನೋದು ವಿಮರ್ಶೆಯ ಹಳೆಯ ಪ್ರಶ್ನೆಯೇ. ಭಾಷಾಂತರ ಅದನ್ನು ಬೇಗ ಹೊರಗೆ ಹಾಕ್ತದೆ.

ಸೊಲ್ಲಾಪುರದ ಕಡೆಯ ಒಬ್ಬ ಸಹಪಾಠಿ ಇನ್ನೊಂದು ಮಾತು ಸೇರಿಸಿದರು. ಮರಾಠಿಯ ‘ಆಪಣ’ಕ್ಕೆ ‘ಎಲ್ಲರೂ ಸೇರಿದ ನಾವು’ ಅನ್ನೋದರ ಜೊತೆ ಗೌರವದ ‘ತಾವು’ ಎಂಬ ಅರ್ಥವೂ ಇದೆ. ಹಾಗಿದ್ದರೆ ಗುರು ಇಲ್ಲದ ದಿನ ‘ನಿಮ್ಮ’ ತೆಗೆದು ‘ನಮ್ಮ’ ಹಾಕೋದನ್ನ ಮರಾಠಿಯಲ್ಲಿ ಹೇಗೆ ತೋರಿಸ್ತೀರಿ? ‘ಆಪಣ’ದಲ್ಲಿ ಎರಡೂ ಕೇಳಿಸ್ತದಲ್ಲ? ನನಗೆ ಇದು ಕಷ್ಟ ಅನ್ನೋದಕ್ಕಿಂತ ಲಾಭ ಅನ್ನಿಸ್ತದೆ. ಓದಿದ ಆ ಮಹಿಳೆ ‘ನಮ್ಮನ್ನು’ ಅಂದಾಗ ಎದುರಿಗಿದ್ದವರಿಗೂ ಗೌರವದಿಂದ ಹೇಳಿದ್ದರು, ತಮ್ಮನ್ನೂ ಬಿಟ್ಟುಕೊಂಡಿರಲಿಲ್ಲ. ಕನ್ನಡದಲ್ಲಿ ಅದಕ್ಕೆ ಎರಡು ಪದ ಬೇಕು, ಮರಾಠಿಗೆ ಒಂದು ಸಾಕು.